ರದ್ದಾದ ಹೆದ್ದಾರಿ ನಂಬರಿನ ಜಾಡು ಹಿಡಿಯುವ ಬಗೆ: ರಾ.ಹೆ. 234 ಎಲ್ಲಿ ಹೋಯಿತು?

ಮಂಗಳೂರಿನಿಂದ ಹೊರಟು ಚಾರ್ಮಾಡಿ ಹತ್ತಿ, ಮೂಡಿಗೆರೆ, ಬೇಲೂರು, ಬಾಣಾವರ, ಹುಳಿಯಾರು, ಶಿರಾ, ಮಧುಗಿರಿ, ಚಿಕ್ಕಬಳ್ಳಾಪುರ, ಚಿಂತಾಮಣಿ, ಮುಳಬಾಗಿಲು ದಾಟಿ ತಮಿಳುನಾಡಿನ ವಿಲ್ಲುಪುರ ಮುಟ್ಟುತ್ತಿದ್ದ ದಾರಿಗೆ ರಾಷ್ಟ್ರೀಯ ಹೆದ್ದಾರಿ 234 ಎಂಬ ನಂಬರಿತ್ತು. ಕೆಲವೇ ವರ್ಷ ಬಾಳಿದ ನಂಬರು. 2010ರಲ್ಲಿ ಕೇಂದ್ರ ಸರ್ಕಾರ ದೇಶದ ಎಲ್ಲ ರಾಷ್ಟ್ರೀಯ ಹೆದ್ದಾರಿಗಳಿಗೆ ಹೊಸ ನಂಬರು ಕೊಟ್ಟಾಗ ಅದು ಹೋಯಿತು. ರಸ್ತೆ ಇದ್ದಲ್ಲೇ ಇದೆ. ಆದರೆ ಇವತ್ತು ಅದು ನಾಲ್ಕು ಬೇರೆ ಬೇರೆ ನಂಬರುಗಳ ಪಾಲಾಗಿದೆ. ಆ ಕೆಲವೇ ವರ್ಷಗಳಲ್ಲಿ ಬರೆದ ಕ್ರಯಪತ್ರ, ಟೆಂಡರು, ಅಪಘಾತದ ಎಫ್‌ಐಆರ್, ಸ್ವಾಧೀನದ ನೋಟಿಸುಗಳಲ್ಲಿ ಮಾತ್ರ 234 ಹಾಗೇ ಕೂತಿದೆ.

ಇಂಥ ನಂಬರಿನ ಚರಿತ್ರೆ ಬೇಕಾಗುವುದು ಊರ ಇತಿಹಾಸ ಬರೆಯುವವರಿಗೆ, ನಕ್ಷೆ ತಿದ್ದುವವರಿಗೆ. ಎಲ್ಲರಿಗಿಂತ ಹೆಚ್ಚಾಗಿ ರಸ್ತೆ ಬದಿಯ ಜಮೀನಿನ ಕಾಗದ ಹಿಡಿದು ಓಡಾಡುವವರಿಗೆ ಬೇಕು. ಕೆಲಸ ಕಷ್ಟದ್ದಲ್ಲ, ಕ್ರಮ ತಪ್ಪಿದರೆ ಮಾತ್ರ ಗೋಜಲು. ಮೊದಲೇ ತಿಳಿದಿರಬೇಕಾದ್ದು ಇಷ್ಟು: ನಂಬರಿನ ಹಿಂದೆ ಹೋಗಬೇಡಿ, ಊರು ಮತ್ತು ಕಿಲೋಮೀಟರಿನ ಹಿಂದೆ ಹೋಗಿ. ನಂಬರು ಹೇಳುವುದು ಆ ಕಾಗದ ಯಾವ ಕಾಲದ್ದು ಎಂಬುದನ್ನಷ್ಟೆ. ಅದನ್ನೂ ಕೆಲವು ಸಲ ತಪ್ಪಾಗಿ ಹೇಳುತ್ತದೆ.

ಊರುಗಳ ಸಾಲು ಮೊದಲು

ಒಂದು ಹಾಳೆಯಲ್ಲಿ ಆರು ಕಾಲಂ ಎಳೆಯಿರಿ: ಊರು, ತಾಲ್ಲೂಕು, ಹಳೇ ನಂಬರು, ಈಗಿನ ನಂಬರು, ಕಿಮೀ, ಇದನ್ನು ಹೇಳುವ ಕಾಗದ ಮತ್ತು ಅದರ ದಿನಾಂಕ. ಮೊದಲ ಸುತ್ತಿನಲ್ಲಿ ಊರಿನ ಕಾಲಂ ಮಾತ್ರ ತುಂಬಿ. ಎರಡು ಊರುಗಳ ನಡುವೆ 25–30 ಕಿಮೀಗಿಂತ ಹೆಚ್ಚು ಅಂತರ ಬಿಡಬೇಡಿ. ಮಂಗಳೂರು, ಬೇಲೂರು, ಶಿರಾ ಎಂದು ದೊಡ್ಡ ಊರುಗಳನ್ನಷ್ಟೇ ಬರೆದುಕೊಂಡರೆ ನಡುವೆ ಎಲ್ಲಿ ಕವಲೊಡೆಯಿತು ಎಂಬುದು ಕೈತಪ್ಪುತ್ತದೆ. ಬೇರೆ ಹೆದ್ದಾರಿ ಕೂಡುವ ಅಥವಾ ಅಡ್ಡ ಹಾಯುವ ಊರಿನ ಕೆಳಗೆ ಗೆರೆ ಎಳೆದಿಡಿ, ತಕರಾರು ಹುಟ್ಟುವುದೆಲ್ಲ ಅಲ್ಲೇ.

234ಕ್ಕೆ ಹೀಗೆ ಮಾಡಿದಾಗ ಸಿಗುವ ಸಾಲಿನ ಮುಖ್ಯ ಊರುಗಳು ಇವು: ಮಂಗಳೂರು, ಬಿ.ಸಿ. ರೋಡ್, ಗುರುವಾಯನಕೆರೆ, ಬೆಳ್ತಂಗಡಿ, ಉಜಿರೆ, ಚಾರ್ಮಾಡಿ, ಕೊಟ್ಟಿಗೆಹಾರ, ಮೂಡಿಗೆರೆ, ಬೇಲೂರು, ಹಳೇಬೀಡು, ಜಾವಗಲ್, ಬಾಣಾವರ, ಹುಳಿಯಾರು, ಶಿರಾ, ಮಧುಗಿರಿ, ಗೌರಿಬಿದನೂರು, ಚಿಕ್ಕಬಳ್ಳಾಪುರ, ಚಿಂತಾಮಣಿ, ಮುಳಬಾಗಿಲು, ವೆಂಕಟಗಿರಿಕೋಟ, ಪೇರ್ನಾಂಬಟ್, ಗುಡಿಯಾತ್ತಂ, ವೆಲ್ಲೂರು, ಪೋಳೂರು, ತಿರುವಣ್ಣಾಮಲೈ, ವಿಲ್ಲುಪುರ. ಇದರ ಮುಂದೆ ಈಗಿನ ನಂಬರು ಬರೆಯುತ್ತ ಹೋದರೆ ಮಂಗಳೂರಿನಿಂದ ಬಾಣಾವರದವರೆಗೆ 73, ಬಾಣಾವರದಿಂದ ಮುಳಬಾಗಿಲಿನವರೆಗೆ 69, ಮುಳಬಾಗಿಲಿನಿಂದ ವೆಲ್ಲೂರಿನವರೆಗೆ 75, ಅಲ್ಲಿಂದ ವಿಲ್ಲುಪುರಕ್ಕೆ 38.

ಇಷ್ಟಕ್ಕೆ ತೃಪ್ತರಾದರೆ ಅರ್ಧ ಚರಿತ್ರೆ ಮಾತ್ರ. ಬಾಣಾವರದಲ್ಲಿ ನಿಂತು ನಾಲ್ಕೂ ದಿಕ್ಕಿನ ರಸ್ತೆ ನೋಡಬೇಕು. 2010ಕ್ಕೆ ಮುಂಚೆ ಅಲ್ಲಿ ಎರಡು ಹೆದ್ದಾರಿಗಳು ಅಡ್ಡ ಹಾಯುತ್ತಿದ್ದವು. ಒಂದು ನಮ್ಮ 234, ಜಾವಗಲ್ ಕಡೆಯಿಂದ ಬಂದು ಹುಳಿಯಾರಿನ ಕಡೆಗೆ. ಇನ್ನೊಂದು 206, ತುಮಕೂರಿನಿಂದ ತಿಪಟೂರು, ಅರಸೀಕೆರೆ ಮೇಲೆ ಬಂದು ಕಡೂರು, ಶಿವಮೊಗ್ಗ, ಸಾಗರ ದಾಟಿ ಹೊನ್ನಾವರಕ್ಕೆ. ಹೊಸ ಪಟ್ಟಿಯಲ್ಲಿ ಜೋಡಿಗಳು ಅದಲುಬದಲಾದವು. ಜಾವಗಲ್ ಕಡೆಯ ರಸ್ತೆಯೂ ಅರಸೀಕೆರೆ ಕಡೆಯ ರಸ್ತೆಯೂ ಸೇರಿ 73 ಆಯಿತು, ಅಂದರೆ ಮಂಗಳೂರು–ತುಮಕೂರು. ಕಡೂರು ಕಡೆಯದೂ ಹುಳಿಯಾರು ಕಡೆಯದೂ ಸೇರಿ 69 ಆಯಿತು. ಹೀಗಾಗಿ ‘234 ಈಗ 73’ ಎಂದರೂ ತಪ್ಪು, ‘206 ಈಗ 69’ ಎಂದರೂ ತಪ್ಪು. ಎರಡಕ್ಕೂ ಬಾಣಾವರದವರೆಗೆ ಒಂದು ಉತ್ತರ, ಅಲ್ಲಿಂದಾಚೆ ಇನ್ನೊಂದು.

ಇದೇ ಆಟ ಮುಳಬಾಗಿಲಿನಲ್ಲಿ ಮತ್ತೊಮ್ಮೆ ನಡೆದಿದೆ. ಅಲ್ಲಿ 234ಕ್ಕೆ ಅಡ್ಡ ಬರುತ್ತಿದ್ದುದು ಹಳೇ 4, ಬೆಂಗಳೂರು–ಕೋಲಾರದಿಂದ ನಂಗಲಿ, ಪಲಮನೇರು ಮೇಲೆ ಚಿತ್ತೂರಿಗೆ ಹೋಗುವ ದಾರಿ. ಈಗ ಕೋಲಾರದ ಕಡೆಯದೂ ವೆಂಕಟಗಿರಿಕೋಟದ ಕಡೆಯದೂ ಕೂಡಿ 75, ಚಿಂತಾಮಣಿಯ ಕಡೆಯದೂ ಚಿತ್ತೂರಿನ ಕಡೆಯದೂ ಕೂಡಿ 69. ಹಳೇ–ಹೊಸ ನಂಬರಿನ ಕೋಷ್ಟಕಗಳಲ್ಲಿ ‘ಭಾಗಶಃ’ ಎಂದು ಒಂದೇ ಪದ ಹಾಕಿ ಮುಗಿಸಿರುವುದು ಇಂಥ ಜಾಗಗಳನ್ನೇ. ಆ ‘ಭಾಗಶಃ’ ಕಂಡಲ್ಲೆಲ್ಲ ಒಂದು ಕೂಡುರಸ್ತೆ ಇದೆ ಎಂದು ತಿಳಿದು ಅದನ್ನು ಹುಡುಕಿ.

ಹೊಸ ನಂಬರು ಓದುವ ಕ್ರಮ

ಹೊಸ ಪದ್ಧತಿಗೆ ಒಂದು ಲೆಕ್ಕವಿದೆ. ಅದು ಗೊತ್ತಿದ್ದರೆ ತಪ್ಪು ನಂಬರನ್ನು ಕಂಡ ಕೂಡಲೇ ಹಿಡಿಯಬಹುದು. ಉತ್ತರ–ದಕ್ಷಿಣವಾಗಿ ಹೋಗುವ ಹೆದ್ದಾರಿಗಳಿಗೆ ಸಮಸಂಖ್ಯೆ, ಪೂರ್ವದಿಂದ ಪಶ್ಚಿಮಕ್ಕೆ ಬಂದಂತೆ ಸಂಖ್ಯೆ ಏರುತ್ತದೆ. ಪೂರ್ವ–ಪಶ್ಚಿಮದವಕ್ಕೆ ಬೆಸಸಂಖ್ಯೆ, ಉತ್ತರದಿಂದ ದಕ್ಷಿಣಕ್ಕೆ ಇಳಿದಂತೆ ಏರುತ್ತದೆ. ಕರ್ನಾಟಕದಲ್ಲಿ 44, 48, 50, 52, ಕೊನೆಗೆ ಕರಾವಳಿಯ 66 ಎಂಬ ಸಾಲು ಮೊದಲನೆಯದಕ್ಕೆ ಸಾಕ್ಷಿ. ಬೀದರ ಕಡೆಯ 65, ಹುಬ್ಬಳ್ಳಿ–ಬಳ್ಳಾರಿಯ 67, ಶಿವಮೊಗ್ಗದ 69, ಬೇಲೂರಿನ 73, ಹಾಸನದ 75 ಎರಡನೆಯದಕ್ಕೆ.

ಮೂರಂಕಿಯದು ಕವಲು ರಸ್ತೆ. ಕೊನೆಯ ಎರಡು ಅಂಕಿ ಮೂಲ ಹೆದ್ದಾರಿಯದು. ಮೂಡಿಗೆರೆಯಿಂದ ಚಿಕ್ಕಮಗಳೂರು, ಕಡೂರಿಗೆ ಹೋಗುವ 173, ಬೇಲೂರನ್ನು ಹಾಸನ, ಹೊಳೆನರಸೀಪುರಕ್ಕೆ ಕೂಡಿಸುವ 373 ಇವೆರಡೂ 73ರ ಕವಲುಗಳು. ಶಿವಮೊಗ್ಗದಿಂದ ತೀರ್ಥಹಳ್ಳಿ, ಕಾರ್ಕಳದ ಮೇಲೆ ಮಂಗಳೂರಿಗಿಳಿಯುವ 169 ಎಂಬುದು 69ರದ್ದು. ಬೆಳಗಾವಿ–ಪಣಜಿಯ 748 ಮತ್ತು ದಾಬಸ್‌ಪೇಟೆ–ದೊಡ್ಡಬಳ್ಳಾಪುರ–ಹೊಸೂರಿನ 648 ಎರಡೂ 48ರವು. ಯಾವುದಾದರೂ ಮೂರಂಕಿ ನಂಬರು ಸಿಕ್ಕಿದಾಗ ಅದರ ಮೂಲ ಹೆದ್ದಾರಿಯನ್ನು ಅದು ಎಲ್ಲಿ ಮುಟ್ಟುತ್ತದೆ ಎಂದು ನೋಡಿ. ಎಲ್ಲೂ ಮುಟ್ಟದಿದ್ದರೆ ಅದು ಹಳೇ ಪದ್ಧತಿಯ ನಂಬರು ಎಂದು ಅನುಮಾನಿಸಬೇಕು. ನಮ್ಮ 234 ಹೀಗೇ ಸಿಕ್ಕಿಬೀಳುತ್ತದೆ. ಹೊಸ ಲೆಕ್ಕದಲ್ಲಿ ಅದು 34ರ ಕವಲಾಗಬೇಕು, 34 ಇರುವುದು ಗಂಗೋತ್ರಿಯಿಂದ ಮಧ್ಯಪ್ರದೇಶದ ಲಖನಾದೋನ್‌ವರೆಗೆ. ಚಾರ್ಮಾಡಿಗೂ ಅದಕ್ಕೂ ಏನೂ ಸಂಬಂಧವಿಲ್ಲ. 206 ಕೂಡ ಅಷ್ಟೆ: ಹೊಸ 206 ಮೇಘಾಲಯದ ಜೋವಾಯ್–ಡಾಕಿ ರಸ್ತೆ, ಅಲ್ಲಿನ 6ರ ಕವಲು.

ನಂಬರುಗಳು ಸಾಯಲಿಲ್ಲ, ಬೇರೆ ಊರಿಗೆ ಹೋದವು ಎಂಬುದೇ ದೊಡ್ಡ ತೊಡಕು. ಹಳೇ 4 ಮುಂಬೈ–ಬೆಂಗಳೂರು–ಚೆನ್ನೈ ದಾರಿ, ಹೊಸ 4 ಅಂಡಮಾನಿನಲ್ಲಿದೆ. ಸೊಲ್ಲಾಪುರ–ಮಂಗಳೂರಿನ 13 ಈಗ ಅರುಣಾಚಲದಲ್ಲಿ, ಕರಾವಳಿಯ 17 ಈಗ ಅಸ್ಸಾಮಿನ ಕಡೆ. ಇವುಗಳಲ್ಲಿ ತಪ್ಪಾಗುವುದು ಕಡಿಮೆ, ಏಕೆಂದರೆ ದೂರ ಬಹಳ. ಮೋಸಹೋಗುವುದು ಹಳೇ ನಂಬರೂ ಹೊಸ ನಂಬರೂ ನಮ್ಮ ರಾಜ್ಯದಲ್ಲೇ ಇರುವಾಗ. ಹಳೇ 67 ಊಟಿಯಿಂದ ಬಂಡೀಪುರದ ಮೇಲೆ ಗುಂಡ್ಲುಪೇಟೆಗೆ ಬರುತ್ತಿತ್ತು (ಈಗ 181), ಹೊಸ 67 ಹುಬ್ಬಳ್ಳಿ, ಹೊಸಪೇಟೆ, ಬಳ್ಳಾರಿಯ ಮೇಲಿದೆ.

48 ಇನ್ನೂ ಹತ್ತಿರದ ಕೇಸು. ನೆಲಮಂಗಲದಲ್ಲಿ ಎರಡು ದಾರಿ ಕವಲೊಡೆಯುತ್ತವೆ, ನೇರ ತುಮಕೂರಿಗೆ, ಎಡಕ್ಕೆ ಕುಣಿಗಲ್–ಹಾಸನಕ್ಕೆ. ಮುಂಚೆ ಹಾಸನದ ಕಡೆಯದು 48, ತುಮಕೂರಿನ ಕಡೆಯದು 4. ಈಗ ಹಾಸನದ ಕಡೆಯದು 75, ತುಮಕೂರಿನ ಕಡೆಯದೇ 48. ಒಂದೇ ಕವಲಿನಲ್ಲಿ ನಂಬರು ಈ ರಸ್ತೆಯಿಂದ ಆ ರಸ್ತೆಗೆ ಹಾರಿದೆ. ‘ನೆಲಮಂಗಲ ತಾಲ್ಲೂಕು, ರಾ.ಹೆ. 48ರ ಪಕ್ಕ’ ಎಂದಿರುವ 2008ರ ಕಾಗದ ಹಾಸನ ರಸ್ತೆಯದು, 2018ರ ಕಾಗದವಾದರೆ ತುಮಕೂರು ರಸ್ತೆಯದು. 2010ರಿಂದ ಮುಂದಿನ ನಾಲ್ಕೈದು ವರ್ಷದ ಕಾಗದವಾದರೆ ನಂಬರನ್ನು ನಂಬಲೇಬೇಡಿ, ಚೆಕ್ಕುಬಂದಿಯಲ್ಲಿ (ಜಮೀನಿನ ನಾಲ್ಕು ಗಡಿಗಳ ವಿವರ) ಅಥವಾ ವಿವರಣೆಯಲ್ಲಿ ಬರುವ ಮುಂದಿನ ಊರು ನೋಡಿ. ಸೋಲೂರು, ಕುಣಿಗಲ್ ಬಂದರೆ ಹಾಸನ ರಸ್ತೆ. ಟಿ. ಬೇಗೂರು, ದಾಬಸ್‌ಪೇಟೆ ಬಂದರೆ ತುಮಕೂರು ರಸ್ತೆ.

ರಾಜಪತ್ರದಲ್ಲಿ ಹುಡುಕುವುದು

ಹೆದ್ದಾರಿಯ ಜನ್ಮವೂ ಮರಣವೂ ದಾಖಲಾಗುವುದು ಭಾರತದ ರಾಜಪತ್ರದಲ್ಲಿ. 1956ರ ರಾಷ್ಟ್ರೀಯ ಹೆದ್ದಾರಿಗಳ ಕಾಯ್ದೆಗೆ ಒಂದು ಅನುಸೂಚಿ ಇದೆ. ಅದರಲ್ಲಿ ಪ್ರತಿ ಹೆದ್ದಾರಿಯ ಕ್ರಮಸಂಖ್ಯೆ, ನಂಬರು, ಹಾದುಹೋಗುವ ಊರುಗಳು ಇರುತ್ತವೆ. ಕಾಯ್ದೆಯ 2ನೇ ಸೆಕ್ಷನ್ನಿನ 2ನೇ ಉಪಸೆಕ್ಷನ್ ಪ್ರಕಾರ ಹೊಸ ಹೆದ್ದಾರಿ ಸೇರುತ್ತದೆ, 3ನೇ ಉಪಸೆಕ್ಷನ್ ಪ್ರಕಾರ ಪಟ್ಟಿಯಿಂದ ತೆಗೆಯಲಾಗುತ್ತದೆ. ಎರಡೂ ಆಗುವುದು ಅಧಿಸೂಚನೆಯಿಂದ.

ಇ-ಗೆಜೆಟ್ ಜಾಲತಾಣದಲ್ಲಿ ‘ವಿಶೇಷ’ (ಎಕ್ಸ್ಟ್ರಾ ಆರ್ಡಿನರಿ) ಸಂಚಿಕೆ, ಭಾಗ 2, ವಿಭಾಗ 3, ಉಪವಿಭಾಗ (ii) ಆರಿಸಿ, ಸಚಿವಾಲಯದ ಜಾಗದಲ್ಲಿ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯ ಹಾಕಿ, ದಿನಾಂಕದ ಅವಧಿ ಕೊಟ್ಟು ಹುಡುಕಿ. ಅವಧಿಯನ್ನು ಒಂದೊಂದು ತಿಂಗಳಾಗಿ ಒಡೆದರೆ ಪಟ್ಟಿ ಕೈಗೆ ಸಿಗುವಷ್ಟು ಚಿಕ್ಕದಾಗುತ್ತದೆ. ಹೆದ್ದಾರಿ ನಂಬರು ಬರೆದು ಹುಡುಕಿ ಉಪಯೋಗವಿಲ್ಲ. ಹಳೆಯ ಸಂಚಿಕೆಗಳು ಸ್ಕ್ಯಾನ್ ಮಾಡಿದ ಚಿತ್ರಗಳು, ಅವುಗಳೊಳಗಿನ ಅಕ್ಷರ ಹುಡುಕಾಟಕ್ಕೆ ಸಿಗದು. ತೆರೆದ ಮೇಲೆ ಮೊದಲು ಹಿಂದಿ, ಆಮೇಲೆ ಇಂಗ್ಲಿಷ್ ಇರುತ್ತದೆ. ಅರ್ಧ ಪುಟ ನೋಡಿ ‘ಇದು ಹಿಂದಿಯಲ್ಲಿ ಮಾತ್ರ ಇದೆ’ ಎಂದು ಮುಚ್ಚಿಬಿಡಬೇಡಿ. ಅಧಿಸೂಚನೆಯ ಗುರುತು ‘ಎಸ್.ಒ.’ ಮತ್ತು ಒಂದು ಸಂಖ್ಯೆ, ಹಿಂದಿಯಲ್ಲಿ ಅದೇ ‘ಕಾ.ಆ.’ ಎಂದು ಬರುತ್ತದೆ. ಹಾಳೆಯ ಆರನೇ ಕಾಲಮಿನಲ್ಲಿ ಬರೆದುಕೊಳ್ಳಬೇಕಾದ್ದು ಈ ಸಂಖ್ಯೆ ಮತ್ತು ದಿನಾಂಕ. ಪಿಡಿಎಫ್‌ನ ಹೆಸರು ಬರೆದುಕೊಂಡರೆ ನಾಳೆ ಜಾಲತಾಣ ಬದಲಾದಾಗ ಏನೂ ಸಿಗುವುದಿಲ್ಲ.

ವಿವರಣೆ ಓದುವಾಗ ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ ಗಮನಿಸಿ. ಹಳೆಯ ನಮೂದುಗಳು ಬರೀ ಊರುಗಳ ಸಾಲು. ಹೊಸ ನಮೂನೆಯಲ್ಲಿ ‘ಇಂಥ ಹೆದ್ದಾರಿಯನ್ನು ಇಂಥ ಊರಿನ ಬಳಿ ಕೂಡುವಲ್ಲಿಂದ ಹೊರಟು, ಇಂಥಿಂಥ ಊರುಗಳನ್ನು ಜೋಡಿಸಿ, ಇಂಥ ಹೆದ್ದಾರಿಯನ್ನು ಇಂಥ ಊರಿನ ಬಳಿ ಕೂಡುವಲ್ಲಿ ಕೊನೆಗೊಳ್ಳುವುದು’ ಎಂದಿರುತ್ತದೆ. ಅಲ್ಲಿ ಬರುವ ನಂಬರುಗಳೂ ಹೊಸವೇ. 73 ತುಮಕೂರಿನ ಬಳಿ 48ನ್ನು ಕೂಡುತ್ತದೆ ಎಂದು ಓದಿದಾಗ, ‘48 ಹಾಸನದ್ದಲ್ಲವೇ, ತುಮಕೂರಿಗೆ ಹೇಗೆ ಬಂತು’ ಎಂದು ತಲೆ ಕೆಡಿಸಿಕೊಳ್ಳುವವರು ಇದ್ದಾರೆ. ಆ 48 ಹಿಂದಿನ 4. ಇನ್ನೊಂದು: 2010ರ ಪಟ್ಟಿಯೇ ಕೊನೆಯದಲ್ಲ. ಆಮೇಲೆ ವರ್ಷವರ್ಷವೂ ತಿದ್ದುಪಡಿ ಬಂದಿವೆ, ಹೊಸ ಕವಲುಗಳು ಸೇರಿವೆ, ಕೆಲವುಗಳ ತುದಿ ಮುಂದಕ್ಕೆ ಬೆಳೆದಿದೆ. ಹಿಂದಿನ ರಾಜ್ಯ ಹೆದ್ದಾರಿ 17 ಮತ್ತು 88, ಅಂದರೆ ಬೆಂಗಳೂರು–ಮೈಸೂರು ಮತ್ತು ಮೈಸೂರು–ಮಡಿಕೇರಿ–ಬಂಟ್ವಾಳ, ಇವತ್ತು ರಾ.ಹೆ. 275. ಆ ರಸ್ತೆಗೆ ಹಳೇ ರಾಷ್ಟ್ರೀಯ ನಂಬರು ಹುಡುಕಿ ಕೂತರೆ ಸಿಗುವುದೇ ಇಲ್ಲ, ಇರಲೇ ಇಲ್ಲ. ಅಂಥ ಕಡೆ ರಾಜ್ಯದ ದಾಖಲೆಗೆ ಹೋಗಬೇಕು.

ಕಿಲೋಮೀಟರು ನಂಬರಿಗಿಂತ ಗಟ್ಟಿ

ನಂಬರು ಒಂದು ಆದೇಶದಿಂದ ಬದಲಾಗುತ್ತದೆ, ಕಿಮೀ ಎಣಿಕೆ ಅಷ್ಟು ಬೇಗ ಬದಲಾಗುವುದಿಲ್ಲ. ಸೇತುವೆಗಳ ಪಟ್ಟಿ, ಜಮೀನಿನ ಪಟ್ಟಿ, ಅಪಘಾತದ ದಾಖಲೆ, ಗುತ್ತಿಗೆಯ ಕರಾರು ಎಲ್ಲವೂ ಆ ಎಣಿಕೆಯ ಮೇಲೆ ನಿಂತಿರುವುದರಿಂದ ಅದನ್ನು ಮುಟ್ಟಲು ಎಂಜಿನಿಯರುಗಳು ಹಿಂದೆಗೆಯುತ್ತಾರೆ.

ಹಾಸನ ರಸ್ತೆಯ ಚತುಷ್ಪಥ ಕಾಮಗಾರಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ. ನೆಲಮಂಗಲ–ದೇವಿಹಳ್ಳಿ: ಕಿಮೀ 28.200ರಿಂದ 110.000, ರಾ.ಹೆ. 48. ದೇವಿಹಳ್ಳಿ–ಹಾಸನ: ಕಿಮೀ 110.000ರಿಂದ 189.500, ರಾ.ಹೆ. 48. ಹಾಸನ–ಮಾರನಹಳ್ಳಿ: ಕಿಮೀ 189.500ರಿಂದ 237.000, ರಾ.ಹೆ. 75. ನಡುವೆ ನಂಬರು ಬದಲಾಯಿತು, ಒಂದರ ಕೊನೆಯ ಅಂಕಿಯೇ ಮುಂದಿನದರ ಮೊದಲ ಅಂಕಿಯಾಗಿ ಎಣಿಕೆ ಮಾತ್ರ ಒಂದೇ ದಾರದಂತೆ ಸಾಗಿದೆ. ಇನ್ನೊಂದು ವಿಚಿತ್ರ ನೋಡಿ. ಅಧಿಸೂಚನೆಯ ಪ್ರಕಾರ 75 ಶುರುವಾಗುವುದು ಬಂಟ್ವಾಳದ ಕಡೆಯಿಂದ, ಎಣಿಕೆ ಏರುತ್ತಿರುವುದು ಬೆಂಗಳೂರಿನ ಕಡೆಯಿಂದ. ಅದು ಹಳೇ 48ರ ಎಣಿಕೆ, ಹಾಗೇ ಉಳಿದಿದೆ. ಆದ್ದರಿಂದ ಕಿಮೀ ಯಾವ ಕಡೆಯಿಂದ ಏರುತ್ತದೆ ಎಂದು ನೋಡಿದರೆ ಆ ರಸ್ತೆಯ ಮೂಲ ನಂಬರು ಯಾವ ಊರಿನಿಂದ ಹೊರಟಿತ್ತು ಎಂದು ತಿಳಿಯುತ್ತದೆ. ಎರಡು ಟೆಂಡರುಗಳ ಅಂಕಿ ಕೂಡದೆ ನಡುವೆ ಕೆಲವು ಕಿಮೀ ಜಿಗಿದರೆ, ಅಲ್ಲಿ ಬೈಪಾಸ್ ಬಂದಿರಬೇಕು ಅಥವಾ ಒಂದರಲ್ಲಿ ‘ಹಾಲಿ ಚೈನೇಜ್’ (ಈಗಿರುವ ರಸ್ತೆಯ ಕಿಮೀ ಎಣಿಕೆ), ಇನ್ನೊಂದರಲ್ಲಿ ‘ವಿನ್ಯಾಸ ಚೈನೇಜ್’ (ಹೊಸ ನಕ್ಷೆಯ ರಸ್ತೆಯ ಎಣಿಕೆ) ಕೊಟ್ಟಿರಬೇಕು. ತಿರುವು ನೇರ ಮಾಡಿದಾಗ ರಸ್ತೆ ಗಿಡ್ಡವಾಗುತ್ತದೆ, ಆಗ ಎರಡನೆಯದು ಮೊದಲನೆಯದಕ್ಕಿಂತ ಕಡಿಮೆ ಬರುತ್ತದೆ. ಎರಡನ್ನೂ ಬೇರೆ ಬೇರೆ ಬರೆದುಕೊಳ್ಳಿ, ಒಂದರಿಂದ ಒಂದನ್ನು ಕಳೆಯಲು ಹೋಗಬೇಡಿ.

ಟೆಂಡರಿನ ನಂಬರು ತಡವಾಗಿ ಬದಲಾಗುತ್ತದೆ ಎಂಬುದಕ್ಕೆ 206 ಒಳ್ಳೆಯ ಉದಾಹರಣೆ. ಮಲ್ಲಸಂದ್ರ–ಕರಡಿ, ಕರಡಿ–ಬಾಣಾವರ, ಬಾಣಾವರ–ಬೆಟ್ಟದಹಳ್ಳಿ, ಬೆಟ್ಟದಹಳ್ಳಿ–ಶಿವಮೊಗ್ಗ ಎಂದು ನಾಲ್ಕು ಪ್ಯಾಕೇಜಾಗಿ ಹೊರಟ ತುಮಕೂರು–ಶಿವಮೊಗ್ಗ ಚತುಷ್ಪಥದ ಕಾಗದಗಳಲ್ಲಿ, ಆ ನಂಬರು ಪಟ್ಟಿಯಿಂದ ಹೋಗಿ ವರ್ಷಗಳಾದ ಮೇಲೂ 206 ಎಂದೇ ಇದೆ. ಯೋಜನಾ ವರದಿ ಯಾವ ಹೆಸರಿನಲ್ಲಿ ಶುರುವಾಯಿತೋ ಕಡತ ಅದೇ ಹೆಸರಿನಲ್ಲಿ ಮುಗಿಯುತ್ತದೆ. ಹೀಗಾಗಿ ಟೆಂಡರಿನ ದಿನಾಂಕವನ್ನು ನಂಬರಿನ ಆಯಸ್ಸಿಗೆ ಆಧಾರ ಮಾಡಿಕೊಳ್ಳಬಾರದು.

ರಸ್ತೆಯ ಮೇಲೆ ನೋಡಬೇಕಾದ್ದು

ಕಿಮೀ ಕಲ್ಲಿನ ತಲೆಯ ಬಣ್ಣ ಎಲ್ಲರಿಗೂ ಗೊತ್ತು: ಹಳದಿ ರಾಷ್ಟ್ರೀಯ, ಹಸಿರು ರಾಜ್ಯ. ಐದು ಕಿಮೀಗೊಂದು ಕಲ್ಲು ಉಳಿದವಕ್ಕಿಂತ ದೊಡ್ಡದಿರುತ್ತದೆ, ಹೆಚ್ಚಿನ ಊರುಗಳ ಹೆಸರು ಇರುವುದು ಅದರಲ್ಲೇ. ಕಲ್ಲಿನ ಅಂಚು ಚಕ್ಕೆ ಎದ್ದಿರುವಲ್ಲಿ ಹತ್ತಿರದಿಂದ ನೋಡಿ. ಹಳದಿಯ ಕೆಳಗೆ ಹಸಿರು ಪದರ ಕಂಡರೆ ಅದು ರಾಜ್ಯ ಹೆದ್ದಾರಿಯಾಗಿದ್ದು ಆಮೇಲೆ ಬಡ್ತಿ ಪಡೆದದ್ದು. ನಂಬರಿನ ಮೇಲೆ ನಂಬರು ಬರೆದಿದ್ದರೆ ಬೆಳಗ್ಗೆ ಏಳು–ಎಂಟು ಗಂಟೆಯ ಓರೆ ಬಿಸಿಲಿನಲ್ಲಿ ಪಕ್ಕದಿಂದ ಫೋಟೊ ತೆಗೆಯಿರಿ. ದಪ್ಪ ಬಣ್ಣದ ಹಳೇ ಅಂಕಿಯ ಅಂಚು ನೆರಳು ಬಿದ್ದು ಎದ್ದು ಕಾಣುತ್ತದೆ. ನೆತ್ತಿಯ ಬಿಸಿಲಿನಲ್ಲಿ ಏನೂ ಕಾಣದು. ಕೆರೆದು ನೋಡುವ ಕೆಲಸ ಮಾಡಬೇಡಿ, ಸರ್ಕಾರಿ ಸ್ವತ್ತು.

ಕಲ್ಲಿಗಿಂತಲೂ ಮೋರಿಗಳು ನಂಬಿಕಸ್ಥ. ಪ್ರತಿ ಮೋರಿ, ಸೇತುವೆಯ ಕಟ್ಟೆಗೋಡೆಯ ಮೇಲೆ 237/1, 237/2 ಎಂಬಂಥ ಸಂಖ್ಯೆ ಇರುತ್ತದೆ. ಮೊದಲನೆಯದು ಅದು ಯಾವ ಕಿಲೋಮೀಟರಿನೊಳಗಿದೆ ಎಂಬುದು, ಎರಡನೆಯದು ಆ ಕಿಲೋಮೀಟರಿನಲ್ಲಿ ಎಷ್ಟನೆಯದು ಎಂಬುದು. ಕಲ್ಲುಗಳಿಗೆ ಬಣ್ಣ ಹಚ್ಚುವಾಗ ಮೋರಿಯ ಸಂಖ್ಯೆ ಬದಲಿಸುವವರು ಅಪರೂಪ. ಕಲ್ಲು ಒಂದು ಎಣಿಕೆ, ಮೋರಿ ಇನ್ನೊಂದು ಎಣಿಕೆ ಹೇಳಿದರೆ ಮೋರಿಯದೇ ಹಳೆಯದು ಎಂದು ಹಿಡಿದು ಮುಂದುವರಿಯಿರಿ. ರಸ್ತೆ ಅಗಲವಾದ ಕಡೆ ಹಳೇ ಮೋರಿಗಳೇ ಉಳಿದಿರುವುದಿಲ್ಲ. ಆಗ ಕುಣಿಗಲ್, ಚನ್ನರಾಯಪಟ್ಟಣ, ಹಾಸನಗಳಂತೆ ಬೈಪಾಸ್ ಆದ ಊರುಗಳ ಒಳಗಿನ ಹಳೇ ರಸ್ತೆಗೆ ಹೋಗಿ ನೋಡಬೇಕು. ಅದು ಈಗ ಹೆದ್ದಾರಿಯಲ್ಲದಿದ್ದರೂ ಹಳೇ ಗುರುತುಗಳು ಉಳಿದಿರುವ ಸಾಧ್ಯತೆ ಅಲ್ಲೇ ಹೆಚ್ಚು. ಘಾಟಿಯಲ್ಲಿ ವಾಹನ ನಿಲ್ಲಿಸಿ ಕಲ್ಲು ಓದುವುದು ಬೇಡ. ಚಾರ್ಮಾಡಿಯಲ್ಲಿ ಮಳೆಗಾಲದ ಮಂಜಿನಲ್ಲಂತೂ ಆ ಯೋಚನೆಯೇ ಬೇಡ.

ನಕ್ಷೆ ಮತ್ತು ಪತ್ರಿಕೆ

ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಗಳಲ್ಲಿ ರಸ್ತೆಯ ಮೇಲೆ ನಂಬರು ಅಚ್ಚಾಗಿರುತ್ತದೆ. ಹಳೇ ಕ್ರಮದಲ್ಲಿ 234ರ ಕರ್ನಾಟಕದ ಭಾಗ 48ಎಲ್, 48ಪಿ, 48ಒ, 57ಸಿ, 57ಜಿ, 57ಕೆ ಗುಂಪುಗಳಲ್ಲಿ ಬರುತ್ತದೆ, ಒಂದೊಂದು ಗುಂಪಿನಲ್ಲಿ 16 ಹಾಳೆ. ಸಾರ್ವಜನಿಕರಿಗೆ ಈಗ ಸಿಗುವ ಓಪನ್ ಸೀರೀಸ್ ಹಾಳೆಗಳ ಹೆಸರು ಡಿ43, ಡಿ44 ಎಂದು ಶುರುವಾಗುವುದರಿಂದ ಸೂಚಿ ನಕ್ಷೆ ಪಕ್ಕಕ್ಕಿಟ್ಟುಕೊಂಡು ಹೊಂದಿಸಿಕೊಳ್ಳಬೇಕು. ಅಂದಹಾಗೆ ಮಂಗಳೂರು, ಸಕಲೇಶಪುರದ ಹಾಳೆಗಳ ನಂಬರು 48 ಎಂದಿರುವುದು ಬರೀ ಕಾಕತಾಳೀಯ. ಅದಕ್ಕೂ ಹಳೇ ಹೆದ್ದಾರಿ 48ಕ್ಕೂ ನಂಟಿಲ್ಲ, ಆದರೆ ಗೂಗಲ್‌ನಲ್ಲಿ ಹುಡುಕುವಾಗ ಎರಡೂ ಕಲಸಿಕೊಂಡು ಬರುತ್ತವೆ. ಹಾಳೆಯ ಅಂಚಿನಲ್ಲಿ ಸರ್ವೆ ಮಾಡಿದ ವರ್ಷವೂ ಮುದ್ರಣದ ವರ್ಷವೂ ಇರುತ್ತವೆ. ಲೆಕ್ಕಕ್ಕೆ ಹಿಡಿಯಬೇಕಾದ್ದು ಮೊದಲನೆಯದು. 2010ರ ನಂತರ ಅಚ್ಚಾದ ಹಾಳೆಯಲ್ಲೂ ಹಳೇ ನಂಬರು ಇರುವುದು ಇದರಿಂದಲೇ.

ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ (ಯಾರು ಬೇಕಾದರೂ ತಿದ್ದಬಹುದಾದ ಅಂತರ್ಜಾಲದ ನಕ್ಷೆ) ರಸ್ತೆಯ ತುಂಡೊಂದನ್ನು ಒತ್ತಿ ಅದರ ಇತಿಹಾಸ ತೆರೆದರೆ ಯಾವಾಗ ಯಾರು ನಂಬರು ಬದಲಿಸಿದರು ಎಂದು ಕಾಣುತ್ತದೆ. ಸುಳಿವಿಗೆ ಇದು ಒಳ್ಳೆಯದು, ಸಾಕ್ಷಿಗೆ ಸಾಲದು. ಅಲ್ಲಿನ ದಿನಾಂಕ ನಕ್ಷೆ ತಿದ್ದಿದ ದಿನ, ಸರ್ಕಾರ ಬದಲಿಸಿದ ದಿನವಲ್ಲ.

ಪತ್ರಿಕೆಗಳಲ್ಲಿ ಹುಡುಕುವಾಗ ಎರಡೂ ನಂಬರು, ಎರಡೂ ಕಾಲದ ಊರ ಹೆಸರು ಹಾಕಬೇಕು. 2014ರ ನವೆಂಬರ್ 1ರಂದು ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ಬದಲಾದವು. ಅದಕ್ಕೆ ಹಿಂದಿನ ಇಂಗ್ಲಿಷ್ ಕಾಗದಗಳಲ್ಲಿ ತುಮ್ಕೂರ್, ಶಿಮೋಗಾ, ಮ್ಯಾಂಗಲೋರ್, ಚಿಕ್‌ಮಗಳೂರ್ ಎಂದಿರುತ್ತದೆ. ಬಾಣಾವರವನ್ನು ಟೆಂಡರಿನವರು ‘ಬನ್ವಾರಾ’ ಎಂದೂ ಬರೆದಿದ್ದಾರೆ, ಶಿರಾ ‘ಸಿರಾ’ ಆಗಿದೆ, ವೆಂಕಟಗಿರಿಕೋಟ ‘ವಿ. ಕೋಟ’ ಆಗಿದೆ. 2019ರ ಆಗಸ್ಟಿನ ಮಳೆಗೆ ಚಾರ್ಮಾಡಿ ಕುಸಿದು ಬಂದ್ ಆದ ಸುದ್ದಿಗಳನ್ನು ತೆಗೆಯುವಾಗ 73 ಮಾತ್ರ ಹಾಕಿದರೆ ಸಾಲದು, 234 ಎಂದು ಬರೆಯುವ ರೂಢಿ ಹೋಗುವುದಕ್ಕೆ ಕಾಲ ಹಿಡಿಯಿತು.

ಜಮೀನಿನ ಕಾಗದ, ಮಾಹಿತಿ ಹಕ್ಕು

ನಂಬರು, ಕಿಮೀ, ಸರ್ವೆ ನಂಬರು ಮೂರೂ ಒಂದೇ ಕಡೆ ಸಿಗುವ ಕಾಗದವೆಂದರೆ ಭೂಸ್ವಾಧೀನದ ಅಧಿಸೂಚನೆ. ರಾಷ್ಟ್ರೀಯ ಹೆದ್ದಾರಿಗಳ ಕಾಯ್ದೆಯ 3ಎ ಸೆಕ್ಷನ್ ಪ್ರಕಾರ ‘ಈ ಜಮೀನು ಬೇಕಾಗಿದೆ’ ಎಂಬ ಪ್ರಕಟಣೆ, 3ಡಿ ಪ್ರಕಾರ ‘ಸ್ವಾಧೀನವಾಯಿತು’ ಎಂಬ ಘೋಷಣೆ. 3ಎ ಪ್ರಕಟಣೆಯ ಸಾರಾಂಶವನ್ನು ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಹಾಕಬೇಕು, ಅವುಗಳಲ್ಲಿ ಒಂದು ಪ್ರಾದೇಶಿಕ ಭಾಷೆಯದು. ಆದ್ದರಿಂದ ರಾಜಪತ್ರ ಸಿಗದಿದ್ದರೆ ಆ ಕಾಲದ ಕನ್ನಡ ಪತ್ರಿಕೆಯ ಜಾಹೀರಾತು ಪುಟ ತಿರುವಿ. ಆಕ್ಷೇಪಣೆಗೆ 21 ದಿನ. 3ಎ ಆದ ಒಂದು ವರ್ಷದೊಳಗೆ 3ಡಿ ಬಾರದಿದ್ದರೆ ಮೊದಲನೆಯದು ಬಿದ್ದುಹೋಗುತ್ತದೆ, ಮತ್ತೆ ಹೊಸದಾಗಿ ಹೊರಡಿಸಬೇಕು. ಒಂದೇ ಸರ್ವೆ ನಂಬರು ಎರಡು 3ಎ ಪ್ರಕಟಣೆಗಳಲ್ಲಿ, ಒಂದರಲ್ಲಿ ಹಳೇ ಹೆದ್ದಾರಿ ನಂಬರು, ಇನ್ನೊಂದರಲ್ಲಿ ಹೊಸದು, ಹೀಗೆ ಕಂಡರೆ ಕಾರಣ ಇದಿರಬಹುದು. ಎರಡು ಸಲ ಜಮೀನು ಹೋಯಿತೆಂದು ಹೆದರಬೇಕಿಲ್ಲ, 3ಡಿ ಎಷ್ಟು ಸಲ ಆಗಿದೆ ನೋಡಿ.

ಪಹಣಿಯಲ್ಲಿ 10 ಮತ್ತು 11ನೇ ಕಾಲಂ ಓದಿ, ಮ್ಯುಟೇಷನ್ ಸಂಖ್ಯೆ ಹಿಡಿದು ತಾಲ್ಲೂಕು ಕಚೇರಿಯಲ್ಲಿ ಅದರ ಪ್ರತಿ ಕೇಳಿ. ಗ್ರಾಮ ನಕ್ಷೆಯಲ್ಲಿ ರಸ್ತೆ ಹಾದ ಜಾಗ ಬಿ ಖರಾಬು (ಸಾರ್ವಜನಿಕ ಬಳಕೆಗೆ ಬಿಟ್ಟ, ಸಾಗುವಳಿಯಿಲ್ಲದ ಜಾಗ) ಆಗಿದ್ದರೆ ಅದು ಹೆದ್ದಾರಿಗಿಂತ ಹಿಂದಿನಿಂದಲೂ ಸಾರ್ವಜನಿಕ ದಾರಿಯೇ. ಆ ಭಾಗಕ್ಕೆ ಸ್ವಾಧೀನದ ಕಾಗದ ಹುಡುಕಿ ಸಿಗದಿದ್ದರೆ ಆಶ್ಚರ್ಯವಿಲ್ಲ.

ಇಷ್ಟಾದರೂ ಉಳಿದ ಖಾಲಿ ಜಾಗಕ್ಕೆ ಮಾಹಿತಿ ಹಕ್ಕಿನ ಅರ್ಜಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ, ಪ್ರತಿಗೆ ಪುಟಕ್ಕೆ 2 ರೂಪಾಯಿ. ಕರ್ನಾಟಕದ ಕಚೇರಿಗಳಿಗೆ ಬರೆಯುವಾಗ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಕೇಂದ್ರದ ಕಚೇರಿಗಳಿಗೆ ಸಾಮಾನ್ಯವಾಗಿ 500 ಪದ. ಹೆದ್ದಾರಿಯ ಕೆಲವು ಭಾಗ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಕೈಯಲ್ಲಿ, ಕೆಲವು ಲೋಕೋಪಯೋಗಿ ಇಲಾಖೆಯ ರಾಷ್ಟ್ರೀಯ ಹೆದ್ದಾರಿ ವಿಭಾಗದ ಕೈಯಲ್ಲಿ ಇರುತ್ತವೆ. ತಪ್ಪು ಕಚೇರಿಗೆ ಹೋದರೆ ಮಾಹಿತಿ ಹಕ್ಕು ಕಾಯ್ದೆಯ 6(3) ಪ್ರಕಾರ ಐದು ದಿನದೊಳಗೆ ಸರಿಯಾದ ಕಡೆಗೆ ದಾಟಿಸಬೇಕಾದ್ದು ಅವರ ಕರ್ತವ್ಯ. ‘ಈ ರಸ್ತೆಯ ಇತಿಹಾಸ ತಿಳಿಸಿ’ ಎಂದು ಕೇಳಿದರೆ ‘ಅಂಥ ಮಾಹಿತಿ ಕಡತದಲ್ಲಿಲ್ಲ’ ಎಂಬ ಒಂದು ಸಾಲು ಬರುತ್ತದೆ. ಕೇಳಬೇಕಾದ್ದು ಕಾಗದವನ್ನು:

‘ಬಾಣಾವರದಿಂದ ಹುಳಿಯಾರಿನವರೆಗಿನ ರಾಷ್ಟ್ರೀಯ ಹೆದ್ದಾರಿಗೆ (ಹಳೇ ನಂಬರು 234, ಹಾಲಿ 69) ಸಂಬಂಧಿಸಿ: 1) ರಾಜ್ಯ ಲೋಕೋಪಯೋಗಿ ಇಲಾಖೆಯಿಂದ ರಾಷ್ಟ್ರೀಯ ಹೆದ್ದಾರಿ ವಿಭಾಗಕ್ಕೆ ರಸ್ತೆ ಹಸ್ತಾಂತರವಾದ ಪತ್ರದ ಪ್ರತಿ, 2) ಹಸ್ತಾಂತರದ ವೇಳೆಯ ರಸ್ತೆ ದಾಖಲೆಯಲ್ಲಿ ಈ ಭಾಗದ ಕಿಮೀ ನಮೂದಿರುವ ಪುಟಗಳ ಪ್ರತಿ, 3) ಈ ಭಾಗದ ಮೋರಿ ಮತ್ತು ಸೇತುವೆಗಳ ಪಟ್ಟಿಯ ಪ್ರತಿ ಒದಗಿಸಬೇಕಾಗಿ ಕೋರಿಕೆ.’

ಮೂರನೆಯದನ್ನು ಬಿಡಬೇಡಿ. ಸೇತುವೆ ಪಟ್ಟಿ ಪ್ರತಿ ವಿಭಾಗದಲ್ಲೂ ಇರಲೇಬೇಕಾದ ಕಾಗದ, ಕಟ್ಟಿದ ವರ್ಷವೂ ಅದರಲ್ಲಿ ಸಿಗಬಹುದು.

ಬರೆದಿಡುವ ರೀತಿ

ಕೊನೆಗೆ ಹಾಳೆಯನ್ನು ಇಡೀ ಹೆದ್ದಾರಿಗೆ ಒಂದು ಸಾಲಾಗಿ ಬರೆಯಬೇಡಿ, ತುಂಡಿಗೊಂದು ಸಾಲು ಮಾಡಿ. ‘ಜಾವಗಲ್–ಬಾಣಾವರ: ಹಳೇ 234, ಈಗ 73’, ‘ಬಾಣಾವರ–ಹುಳಿಯಾರು: ಹಳೇ 234, ಈಗ 69’, ‘ಅರಸೀಕೆರೆ–ಬಾಣಾವರ: ಹಳೇ 206, ಈಗ 73’, ‘ಬಾಣಾವರ–ಕಡೂರು: ಹಳೇ 206, ಈಗ 69’. ಮಂಗಳೂರಿನಿಂದ ಬಿ.ಸಿ. ರೋಡಿನವರೆಗಿನ ಸಾಲಿನಲ್ಲಿ ಹಳೇ ನಂಬರಿನ ಜಾಗದಲ್ಲಿ 48 ಎಂದೂ ಬರೆಯಬೇಕು, ಆ ತುಂಡು ಬೆಂಗಳೂರು ದಾರಿಗೂ ಚಾರ್ಮಾಡಿ ದಾರಿಗೂ ಒಂದೇ. ಬೈಪಾಸ್ ಆದ ಊರಿಗೆ ಒಳಗಿನ ರಸ್ತೆಯದು ಬೇರೆ ಸಾಲು, ಹೊರಗಿನದು ಬೇರೆ ಸಾಲು. ಒಳಗಿನದಕ್ಕೆ ಈಗಿನ ನಂಬರು ಖಾಲಿ ಉಳಿದರೆ ಉಳಿಯಲಿ. ದಿನಾಂಕ ಬರೆಯುವಾಗ ಅಧಿಸೂಚನೆಯ ದಿನ, ಬೋರ್ಡು ಬದಲಾದ ದಿನ, ಕಾಗದದಲ್ಲಿ ಹೊಸ ನಂಬರು ಮೊದಲು ಕಂಡ ದಿನ ಮೂರಕ್ಕೂ ಬೇರೆ ಬೇರೆ ಜಾಗ ಬಿಡಿ. ವಕೀಲರು ಕೇಳುವುದು ಮೊದಲನೆಯದನ್ನು, ಊರಿನವರ ನೆನಪಿನಲ್ಲಿರುವುದು ಎರಡನೆಯದು, ನಿಮಗೆ ಸುಲಭವಾಗಿ ಸಿಗುವುದು ಮೂರನೆಯದು.